ಕಡಿಮೆ ಬಜೆಟ್‌ನಲ್ಲಿ ಡಿಜಿಟಲ್ ಪಿಯಾನೋ

ಮಕ್ಕಳನ್ನು ಪಿಯಾನೋ ಕ್ಲಾಸಿಗೆ ಸೇರಿಸಿದವರು ಏನು ತಗೊಳ್ಳೋದು ಅಂತ ಕೇಳ್ತಾ ಇರ್ತಾರೆ. ದುಡ್ಡು ಕಡಿಮೆ ಇದ್ದರೆ ಮೊದಲು ಕೀಗಳನ್ನು ನೋಡಿ, ಉಳಿದದ್ದು ಆಮೇಲೆ. 88 ಕೀ ಇರಬೇಕು, ಹ್ಯಾಮರ್ ಆಕ್ಷನ್ ಇರಬೇಕು. ಅಂದರೆ ಒತ್ತಿದಾಗ ನಿಜವಾದ ಪಿಯಾನೋ ಥರ ಭಾರ ಸಿಗಬೇಕು, ಎಡಗಡೆ ಸ್ವಲ್ಪ ಜಾಸ್ತಿ, ಬಲಗಡೆ ಕಡಿಮೆ. 61 ಕೀಗಳ ಹಗುರ ಕೀಬೋರ್ಡಿನಲ್ಲಿ ಕಲಿತ ಬೆರಳು ನಿಜವಾದ ಪಿಯಾನೋ ಮುಂದೆ ಒದ್ದಾಡುತ್ತದೆ. ನೂರಾರು ಟೋನು, ರಿದಮ್ಮು ಇದೆ ಅಂತ ಅಂಗಡಿಯವರು ಹೇಳಿದರೆ ಸುಮ್ನೆ ತಲೆಯಾಡಿಸಿ.

ಯಮಹಾ ಪಿ-45, ಅದರ ನಂತರ ಬಂದ ಪಿ-145, ರೋಲ್ಯಾಂಡ್ ಎಫ್‌ಪಿ-10, ಕ್ಯಾಸಿಯೋ ಸಿಡಿಪಿ-ಎಸ್110, ಇವನ್ನು ಒಮ್ಮೆ ನುಡಿಸಿ ನೋಡಿ. ನನಗೆ ಕೈಗೆ ಹಿಡಿಸಿದ್ದು ರೋಲ್ಯಾಂಡ್. ಅದರಲ್ಲಿ ಒಂದೇ ಸಲಕ್ಕೆ 96 ಸ್ವರದವರೆಗೆ ಕೇಳಿಸಬಲ್ಲವು, ಪಿ-45ರಲ್ಲಿ 64. ಕಲಿಯುವವರಿಗೆ 64 ಸಾಕು ಬಿಡಿ.

ಬೆಂಗಳೂರಲ್ಲಿ ಕೆಲಸ ಬದಲಾಯಿಸಿ ಊರು ಬಿಡುವವರು ಸೆಕೆಂಡ್ ಹ್ಯಾಂಡ್ ಮಾರುತ್ತಲೇ ಇರುತ್ತಾರೆ. ಹೋಗುವಾಗ ಹೆಡ್‌ಫೋನ್ ತಗೊಂಡು ಹೋಗಿ. ಪ್ರತಿ ಕೀಯನ್ನೂ ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ ಒತ್ತಿ. ಮೆಲ್ಲಗೆ ಒತ್ತಿದರೂ ಒಂದೇ ಕೀ ಜೋರಾಗಿ ಕೂಗಿದರೆ ಒಳಗಿನ ಸೆನ್ಸರ್ ಸವೆದಿದೆ ಅಂತ ಲೆಕ್ಕ. ಆಫ್ ಮಾಡಿಯೂ ಒತ್ತಿ ನೋಡಿ, ಸವೆದ ಕೀಯ ಟಕ್ ಟಕ್ ಸದ್ದು ಆಗ ಚೆನ್ನಾಗಿ ಕೇಳುತ್ತದೆ. ಅಡಾಪ್ಟರ್ ಒರಿಜಿನಲ್ಲೇ ಅಂತ ಕೇಳಿ.

ಸ್ಟ್ಯಾಂಡು, ಪೆಡಲ್ಲಿಗೆ ಸ್ವಲ್ಪ ದುಡ್ಡು ಇಟ್ಟುಕೊಳ್ಳಿ. ಜೊತೆಗೆ ಬರುವ ಚಿಕ್ಕ ಚೌಕದ ಪೆಡಲ್ ನೆಲದ ಮೇಲೆ ಜಾರುತ್ತಲೇ ಇರುತ್ತದೆ. ಅಪಾರ್ಟ್‌ಮೆಂಟಿನವರು ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ. ಹೆಡ್‌ಫೋನ್ ಹಾಕಿದರೂ ಕೀ ಕುಟ್ಟುವ ಸದ್ದು ಕೆಳಗಿನ ಮನೆಗೆ ಹೋಗುತ್ತದೆ.