ಅಂಗಳದಲ್ಲಿ ನಿಂತ ಬಾಡಿಗೆ ಟ್ರೈಲರ್: ಹಳೆಯ ಮನೆ ಬಿಚ್ಚಿಸುವವರಿಗೆ ಕೆಲವು ಸೂಚನೆಗಳು

ದೊಡ್ಡ ನಗರಗಳಲ್ಲಿ ಮನೆ ಕೆಡವುವಾಗ ಲಾರಿಯೊಂದು ಬಂದು ಕಬ್ಬಿಣದ ದೊಡ್ಡ ತೊಟ್ಟಿಯನ್ನು ಬಾಗಿಲ ಬಳಿ ಇಳಿಸಿ ಹೋಗುತ್ತದೆ. ತೊಟ್ಟಿ ತುಂಬಿದ ಮೇಲೆ ಮತ್ತೆ ಬಂದು ಎತ್ತಿಕೊಂಡು ಹೋಗುತ್ತದೆ. ಕೊಡಗಿನ ಊರುಗಳಲ್ಲಿ ಆ ಕೆಲಸ ಹೆಚ್ಚಾಗಿ ಬಾಡಿಗೆ ಟ್ರ್ಯಾಕ್ಟರ್‌ನ ಟ್ರೈಲರ್‌ಗೆ ಬೀಳುತ್ತದೆ. ಚಾಲಕರು ಟ್ರೈಲರನ್ನು ಅಂಗಳದಲ್ಲಿ ಕಳಚಿಟ್ಟು ಟ್ರ್ಯಾಕ್ಟರನ್ನು ಬೇರೆ ಕೆಲಸಕ್ಕೆ ಒಯ್ಯುತ್ತಾರೆ. ಆ ಗಳಿಗೆಯಿಂದ ಅದು ನಿಂತ ಜಾಗ, ಅದರೊಳಗೆ ಬೀಳುವ ವಸ್ತು, ಅದರ ಸುತ್ತ ಓಡಾಡುವ ಮಕ್ಕಳು, ಎಲ್ಲವೂ ಮನೆಯವರ ಹೊಣೆ. ಬಾಡಿಗೆ ಮಾತಾಡುವಾಗ ಇದನ್ನು ಯಾರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಮೊದಲು ಕಾಲವನ್ನು ನೋಡಿಕೊಳ್ಳಬೇಕು. ನವೆಂಬರ್‌ನಿಂದ ಅರೇಬಿಕಾ, ಅದರ ಹಿಂದೆಯೇ ರೋಬಸ್ಟಾ ಕುಯ್ಲು ನಡೆಯುವುದರಿಂದ ಆ ತಿಂಗಳುಗಳಲ್ಲಿ ಕಣವೂ ಖಾಲಿ ಇರುವುದಿಲ್ಲ, ಆಳುಗಳೂ ಸಿಗುವುದಿಲ್ಲ. ಜೂನ್ ಬಂತೆಂದರೆ ಮಳೆ ಹಿಡಿಯುತ್ತದೆ. ಮಳೆ ಜೋರಾದ ವರ್ಷಗಳಲ್ಲಿ ಭಾರಿ ಸರಕು ವಾಹನಗಳ ಓಡಾಟಕ್ಕೆ ಜಿಲ್ಲಾಡಳಿತವೇ ನಿರ್ಬಂಧ ಹಾಕುತ್ತದೆ. ಹೀಗಾಗಿ ಉಳಿಯುವುದು ಮಾರ್ಚ್ ನಡುವಿನಿಂದ ಮೇ ಕೊನೆಯವರೆಗಿನ ಅವಧಿ ಮಾತ್ರ.

ಟ್ರೈಲರ್ ನಿಲ್ಲಿಸುವ ಜಾಗವನ್ನು ಚಾಲಕರು ಬರುವ ಮೊದಲೇ ಗುರುತಿಸಿ ಇಟ್ಟಿರಬೇಕು. ನಮ್ಮಲ್ಲಿ ಸಮತಟ್ಟಾಗಿ ಕಾಣುವ ಅಂಗಳವೂ ಒಂದು ಕಡೆಗೆ ವಾಲಿಯೇ ಇರುತ್ತದೆ. ಆದ್ದರಿಂದ ಟ್ರ್ಯಾಕ್ಟರ್ ಕಳಚುವ ಮುನ್ನವೇ ನಾಲ್ಕೂ ಚಕ್ರಗಳ ಇಳಿಜಾರಿನ ಬದಿಗೆ ಕಲ್ಲು ಅಥವಾ ಮರದ ಬೆಣೆ ಕೊಡಬೇಕು. ಎರಡು ಚಕ್ರದ ಟ್ರೈಲರ್ ಆದರೆ ಮುಂಭಾಗದ ಸ್ಟ್ಯಾಂಡಿನ ಕೆಳಗೆ ದಪ್ಪ ಹಲಗೆ ಹಾಕದಿದ್ದರೆ ಅದು ಮೆಲ್ಲನೆ ಮಣ್ಣಿನೊಳಗೆ ಇಳಿಯುತ್ತದೆ. ಬರೆಯ (ಕಡಿದಾದ ಮಣ್ಣಿನ ದಿಬ್ಬದ) ಅಂಚಿನಲ್ಲಿ, ಬರೆಯ ಬುಡದಲ್ಲಿ, ವಿದ್ಯುತ್ ತಂತಿಯ ಕೆಳಗೆ, ಮಳೆನೀರು ಹರಿಯುವ ಚರಂಡಿಯ ಮೇಲೆ ಎಂದಿಗೂ ನಿಲ್ಲಿಸಬಾರದು. ಶೌಚಗುಂಡಿಯ ಚಪ್ಪಡಿ ಎಲ್ಲಿದೆ ಎಂಬುದು ಮನೆಯವರಿಗೆ ಗೊತ್ತಿರುತ್ತದೆಯೇ ಹೊರತು ಚಾಲಕರಿಗೆ ಗೊತ್ತಿರುವುದಿಲ್ಲ. ಮಡಿಕೇರಿಯ ಇಕ್ಕಟ್ಟಾದ ಬಡಾವಣೆಗಳಂತೆ ಅಂಗಳವೇ ಇಲ್ಲದ ಕಡೆ ರಸ್ತೆಯ ಬದಿಗೆ ನಿಲ್ಲಿಸುವುದು ಅನಿವಾರ್ಯವಾದರೆ, ನಗರಸಭೆ ಅಥವಾ ಪಂಚಾಯಿತಿಯ ಅನುಮತಿ ಪಡೆದು, ನಾಲ್ಕೂ ಮೂಲೆಗೆ ರಿಫ್ಲೆಕ್ಟರ್ ಅಂಟಿಸಿ, ಕತ್ತಲಾಗುವ ಮೊದಲು ಕೆಂಪು ದೀಪ ಹಚ್ಚಬೇಕು. ಮಂಜು ಕವಿದ ಬೆಳಗಿನಲ್ಲಿ ಬೈಕಿನವರಿಗೆ ಹತ್ತು ಮಾರು ದೂರದ ಟ್ರೈಲರ್ ಸಹ ಕಾಣದಿರಬಹುದು.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ತೂಕದ ವಿಷಯದಲ್ಲಿ. 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ಟ್ರೈಲರ್ ಎಂದರೆ 120 ಘನ ಅಡಿ. ಅದರ ತುಂಬ ಒಣಗಿದ ಮರದ ತುಂಡುಗಳನ್ನು ಹಾಕಿದರೆ ಒಂದು, ಒಂದೂವರೆ ಟನ್ ಆದೀತು. ಅದೇ ಜಾಗದಲ್ಲಿ ಕೆಡವಿದ ಗೋಡೆಯ ಒಣ ಮಣ್ಣು ತುಂಬಿದರೆ ಸುಮಾರು 4.5 ಟನ್, ಒದ್ದೆ ಮಣ್ಣಾದರೆ 6 ಟನ್‌ನ ಹತ್ತಿರ. ನಮ್ಮ ಮನೆಯ ಹಿಂಬದಿಯ ಮಣ್ಣಿನ ಗೋಡೆ ಕೆಡವಿದ ದಿನ ಸಂಜೆಯ ಹೊತ್ತಿಗೆ ಟ್ರೈಲರ್ ಅಂಚಿನವರೆಗೂ ತುಂಬಿತ್ತು. ಏಪ್ರಿಲ್ ತಿಂಗಳು, ಆಕಾಶ ಶುಭ್ರವಾಗಿತ್ತು, ಟಾರ್ಪಾಲು ಹೊದಿಸಲು ನಾನೇ ಉದಾಸೀನ ಮಾಡಿದೆ. ರಾತ್ರಿ ಎರಡು ಗಂಟೆ ಕಾಲ ಮಳೆ ಹೊಡೆಯಿತು. ಬೆಳಗ್ಗೆ ನೋಡಿದರೆ ಹಿಂದಿನ ಚಕ್ರಗಳು ಅರ್ಧ ಗೇಣು ಹೂತುಹೋಗಿದ್ದವು, ಹಿಂಬದಿಯ ಬಾಗಿಲಿನ ಸಂದಿನಿಂದ ಕೆಂಪು ನೀರು ಸಾಲಾಗಿ ತೊಟ್ಟಿಕ್ಕುತ್ತಿತ್ತು, ಟ್ರ್ಯಾಕ್ಟರ್ ಎಳೆಯಲು ಹೋದರೆ ಅದರ ಮುಂದಿನ ಚಕ್ರಗಳೇ ನೆಲ ಬಿಟ್ಟು ಏಳತೊಡಗಿದವು. ಚಾಲಕರು ಕೂಡಲೇ ನಿಲ್ಲಿಸಿದ್ದರಿಂದ ಅನಾಹುತ ತಪ್ಪಿತು. ಅರ್ಧ ಮಣ್ಣನ್ನು ಸಲಿಕೆಯಿಂದ ಮತ್ತೆ ಕೆಳಗೆ ಹಾಕಲು ಎರಡು ಆಳಿನ ಒಂದು ದಿನದ ಕೂಲಿ ಹೋಯಿತು. ಆದ್ದರಿಂದ ಮಣ್ಣು, ಕಾಂಕ್ರೀಟು, ಇಟ್ಟಿಗೆಯನ್ನು ಅರ್ಧದವರೆಗೆ ಮಾತ್ರ ತುಂಬುವುದು ಲೇಸು. ಟ್ರೈಲರ್ ಎಷ್ಟು ಟನ್ ಹೊರಬಲ್ಲದು ಎಂಬುದನ್ನು ಮೊದಲೇ ಕೇಳಿ ತಿಳಿದು, ಸಂಜೆ ಕೆಲಸ ಮುಗಿದ ಕೂಡಲೇ ಟಾರ್ಪಾಲು ಕಟ್ಟಬೇಕು.

ತುಂಬುವ ಕ್ರಮಕ್ಕೂ ಲೆಕ್ಕವಿದೆ. ಭಾರದ ವಸ್ತು ತಳಕ್ಕೆ, ಹಗುರವಾದದ್ದು ಮೇಲಕ್ಕೆ ಎಂಬುದು ಎಲ್ಲರಿಗೂ ಗೊತ್ತು. ಎರಡು ಚಕ್ರದ ಟ್ರೈಲರಿನಲ್ಲಿ ಹಿಂಬದಿಗೇ ಭಾರ ಸುರಿದರೆ ಮೂತಿ ಮೇಲಕ್ಕೆದ್ದು ಇಡೀ ಗಾಡಿ ಹಿಂದಕ್ಕೆ ಮಗುಚುತ್ತದೆ ಎಂಬುದನ್ನು ಮಾತ್ರ ಮರೆಯುತ್ತಾರೆ; ಭಾರ ಅಚ್ಚಿನ ಮೇಲೆ ಮತ್ತು ಸ್ವಲ್ಪ ಮುಂದಕ್ಕೆ ಇರಬೇಕು. ಯಾವ ವಸ್ತುವೂ ಪಕ್ಕದ ಹಲಗೆಗಿಂತ ಮೇಲೆ ಬರಬಾರದು. ಒಬ್ಬರು ಒಳಗೆ ನಿಂತು ಜೋಡಿಸುತ್ತಿರುವಾಗ ಇನ್ನೊಬ್ಬರು ಮಾಡಿನ ಮೇಲಿಂದ ಹೆಂಚು ಎಸೆಯುವುದು ನಮ್ಮಲ್ಲಿ ತೀರ ಸಾಮಾನ್ಯ. ಅದನ್ನು ಮೊದಲ ದಿನವೇ ನಿಲ್ಲಿಸಬೇಕು. ಹಳೆಯ ಹೆಂಚು, ಸೌದೆಯ ರಾಶಿಯೊಳಗೆ ಹಾವಿರುವುದು ಹೊಸತಲ್ಲವಾದ್ದರಿಂದ ಕೈಗವಸು, ಗಟ್ಟಿ ಬೂಟು ಇಲ್ಲದೆ ಯಾರನ್ನೂ ಕೆಲಸಕ್ಕೆ ಇಳಿಸಬಾರದು.

ಮನೆ ಖಾಲಿ ಮಾಡುವಾಗ ಗೋದಾಮಿನ ಮೂಲೆಯಿಂದ ಹೊರಬರುವ ವಸ್ತುಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಗಿಡಗಳ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದು ಉಳಿದ ಮೈಲುತುತ್ತ, ಹೆಸರು ಅಳಿಸಿಹೋದ ಕೀಟನಾಶಕದ ಬಾಟಲಿ, ಹಳೆಯ ಬ್ಯಾಟರಿ, ಪೇಂಟಿನ ಡಬ್ಬ, ಪಾದರಸವಿರುವ ಟ್ಯೂಬ್‌ಲೈಟ್, ಗ್ಯಾಸ್ ಸಿಲಿಂಡರ್, ಇವು ಯಾವುವೂ ಟ್ರೈಲರಿಗೆ ಬೀಳಬಾರದು. ಸಿಲಿಂಡರ್ ಗ್ಯಾಸ್ ಏಜೆನ್ಸಿಗೆ, ಬ್ಯಾಟರಿ ಅದನ್ನು ಮಾರುವ ಅಂಗಡಿಗೆ ಹೋಗಲಿ. ಕೀಟನಾಶಕವನ್ನು ಬೇರೆ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬೇಕು. ಆಸ್ಬೆಸ್ಟಾಸ್ ಶೀಟುಗಳನ್ನು ಒಡೆಯದೆ, ನೀರು ಚಿಮುಕಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಪ್ರತ್ಯೇಕವಾಗಿ ಇಡಬೇಕು. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರಬಲ್ಲದು. ಆಳುಗಳ ಊಟದ ಎಂಜಲು, ಬಾಳೆಗೊನೆಯ ದಿಂಡು ಕೂಡ ಬೇಡ: ತೋಟದ ಮನೆಗಳಲ್ಲಿ ಅದು ಮೊದಲು ನಾಯಿ, ಮಂಗಗಳನ್ನು ಕರೆಯುತ್ತದೆ, ಸಿದ್ದಾಪುರದಂಥ ಕಡೆ ಆನೆಯನ್ನೂ ಕರೆದೀತು. ತುಂಬಿದ ಕಸಕ್ಕೆ ಅಲ್ಲೇ ಬೆಂಕಿ ಕೊಟ್ಟು ಜಾಗ ಮಾಡಿಕೊಳ್ಳುವ ಉಪಾಯವಂತೂ ಬೇಡವೇ ಬೇಡ.

ಅಷ್ಟಕ್ಕೂ ಟ್ರೈಲರಿಗೆ ಹೋಗಬೇಕಾದದ್ದು ನಾವು ಅಂದುಕೊಂಡಷ್ಟು ಇರುವುದಿಲ್ಲ. ಇಡೀ ಹೆಂಚನ್ನು ಕೊಳ್ಳುವವರಿದ್ದಾರೆ, ಒಡೆದ ಹೆಂಚು ತೋಟದ ದಾರಿಯ ಗುಂಡಿಗೆ ಆಗುತ್ತದೆ. ಬೀಟೆ, ತೇಗದ ತೊಲೆಗಳನ್ನು ಮಾರುವ ಅಥವಾ ಬೇರೆಡೆಗೆ ಸಾಗಿಸುವ ಮುನ್ನ ಅರಣ್ಯ ಇಲಾಖೆಯಲ್ಲಿ ಅನುಮತಿಯ ಬಗ್ಗೆ ಕೇಳಿಕೊಳ್ಳಬೇಕು. ಹಳೆಯ ಮನೆಯದ್ದೇ ಎಂಬ ಮಾತು ಚೆಕ್‌ಪೋಸ್ಟಿನಲ್ಲಿ ಸಾಲದೆ ಹೋಗಬಹುದು.

ಇನ್ನು ಲೋಡು ಹೋಗಿ ಬೀಳುವ ಜಾಗ. ಕಟ್ಟಡದ ತ್ಯಾಜ್ಯಕ್ಕೆಂದೇ 2016ರಲ್ಲಿ ಬಂದ ಕೇಂದ್ರದ ನಿಯಮಗಳು ಅದನ್ನು ರಸ್ತೆಗೆ, ಚರಂಡಿಗೆ ಬೀಳದಂತೆ ನೋಡಿಕೊಳ್ಳುವ ಹೊಣೆಯನ್ನು ತ್ಯಾಜ್ಯ ಉಂಟುಮಾಡಿದವರ ಮೇಲೆಯೇ ಹಾಕಿದವು. ರಸ್ತೆ ತಿರುವಿನ ಕೆಳಗಿನ ಕಣಿವೆಗೆ ಮಣ್ಣು ಸುರಿದು ಬರುವ ಅಭ್ಯಾಸ ಇಲ್ಲಿ ಹಳೆಯದು. ಇಳಿಜಾರಿನಲ್ಲಿ ಸಡಿಲವಾಗಿ ಬಿದ್ದ ಮಣ್ಣು ಮಳೆನೀರು ಕುಡಿದು ಭಾರವಾಗಿ, ಹಿಡಿತ ತಪ್ಪಿ ಜಾರುತ್ತದೆ. 2018ರ ಆಗಸ್ಟಿನ ಭೂಕುಸಿತಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊಲ್ಲಿಗೆ, ಅಂದರೆ ಹಳ್ಳಕ್ಕೆ, ಹಾಕಿದ್ದು ಇಲ್ಲಿ ಹೆಚ್ಚಿನ ಕಡೆ ಕೊನೆಗೆ ಕಾವೇರಿಗೇ ಸೇರುತ್ತದೆ. ಆದ್ದರಿಂದ ಎಲ್ಲಿ ಇಳಿಸುತ್ತೀರಿ ಎಂದು ಬಾಡಿಗೆ ಗೊತ್ತುಮಾಡುವಾಗಲೇ ಕೇಳಿ, ಆ ಜಾಗ ಸ್ಥಳೀಯ ಸಂಸ್ಥೆ ತೋರಿಸಿದ್ದೇ ಎಂದು ಖಚಿತಪಡಿಸಿಕೊಂಡು, ಮೊದಲ ಲೋಡಿನ ಹಿಂದೆ ಒಮ್ಮೆ ನಾವೇ ಹೋಗಿ ನೋಡಿ ಬರುವುದು ಒಳ್ಳೆಯದು. ದರ ತೀರ ಕಡಿಮೆ ಹೇಳಿದವರನ್ನು ಈ ಪ್ರಶ್ನೆ ಎರಡು ಸಲ ಕೇಳಬೇಕು.

ಹೊರಡುವ ದಿನ ಹಿಂಬಾಗಿಲಿನ ಕೊಂಡಿ, ಟಾರ್ಪಾಲಿನ ಹಗ್ಗ, ಹಿಂದಿನ ದೀಪ ನೋಡಿಕೊಳ್ಳಬೇಕು. ಕೃಷಿಗೆಂದು ನೋಂದಾಯಿಸಿದ ಟ್ರ್ಯಾಕ್ಟರಿನ ವಿಮೆ ಬಾಡಿಗೆ ಕೆಲಸಕ್ಕೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲವಾದ್ದರಿಂದ ಕಾಗದಪತ್ರ ನೋಡಲು ಸಂಕೋಚ ಬೇಡ. ಲೋಡಿನ ಮೇಲೆ ಆಳುಗಳು ಕುಳಿತು ಹೋಗಲು ಬಿಡಲೇಬಾರದು. ಟ್ರೈಲರ್ ಹೋದ ಮೇಲೆ ಅಂಗಳವನ್ನು ಗುಡಿಸಿದರೆ ಸಾಲದು, ಹಳೆಯ ಸ್ಪೀಕರಿನ ಆಯಸ್ಕಾಂತವನ್ನು ದಾರಕ್ಕೆ ಕಟ್ಟಿ ಇಡೀ ನೆಲದ ಮೇಲೆ ಎಳೆಯಬೇಕು. ನಮ್ಮ ಅಂಗಳದಲ್ಲಿ ಗುಡಿಸಿದ ಮೇಲೂ ಒಂದು ತೆಂಗಿನ ಚೆರಟೆ ತುಂಬ ತುಕ್ಕು ಹಿಡಿದ ಮೊಳೆ ಸಿಕ್ಕಿತು.