ಭಾನುವಾರದ ಆರು ಹೀಟ್

ನಾನು ಬಿಸಿಎ ಓದಿದ್ದು ಬೆಳಗಾವಿಯಲ್ಲಿ. ಮೊದಲ ನಾಲ್ಕು ಸೆಮಿಸ್ಟರ್ ಎಲ್ಲರ ಹಾಗೆ ಕಾಲೇಜಿನಲ್ಲೇ. ಕೊನೆಯ ಎರಡು ಮಾತ್ರ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ, ಅಂದರೆ ಕಬ್ಬಿಣ ಕರಗಿಸಿ ಅಚ್ಚಿಗೆ ಸುರಿಯುವ ಕಾರ್ಖಾನೆಯಲ್ಲಿ. ಸೋಮವಾರದಿಂದ ಶುಕ್ರವಾರದವರೆಗೆ ಕೆಲಸ, ಶನಿವಾರ ಕ್ಲಾಸು. ಅಪ್ರೆಂಟಿಸ್‌ಶಿಪ್ ಸೇರಿದ ಪದವಿ ಅಂತಾರಲ್ಲ, ಅದು. ಯುಜಿಸಿ 2020ರಲ್ಲಿ ಇದಕ್ಕೆ ಮಾರ್ಗಸೂಚಿ ಹೊರಡಿಸಿತು. ಮಾಡಿದ ಕೆಲಸಕ್ಕೂ ಕ್ರೆಡಿಟ್ ಸಿಗುತ್ತದೆ.

ಬೈಲಹೊಂಗಲಕ್ಕೆ ಫೋನ್ ಮಾಡಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಮಾತು: "ಕಂಪ್ಯೂಟರ್ ಕಲಿಯಾಕ ಹೋಗಿ ಕಬ್ಬಣ ಕಾಸಾಕ ಹೊಂಟೀ ಏನು?" ನನಗೂ ಹಾಗೇ ಅನಿಸಿತ್ತು. ಸಾಫ್ಟ್‌ವೇರ್ ಕಂಪನಿಗಳ ಸೀಟು ಮುಗಿದು ಹೋಗಿದ್ದವು. ಪಟ್ಟಿಯಲ್ಲಿ ಉಳಿದಿದ್ದು ಫೌಂಡ್ರಿ ಮಾತ್ರ.

ದುಡ್ಡಿನ ವಿಷಯ ಮೊದಲೇ ಹೇಳಿಬಿಡ್ತೀನಿ, ಎಲ್ಲರೂ ಕೇಳುವುದು ಅದನ್ನೇ. 2019ರ ನಿಯಮದ ಪ್ರಕಾರ ಡಿಗ್ರಿ ಅಪ್ರೆಂಟಿಸ್‌ಗೆ ಆಗ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಇತ್ತು. ನನಗೆ ಅಷ್ಟೇ ಬಂತು. ನ್ಯಾಟ್ಸ್ ಅನ್ನುವ ಕೇಂದ್ರದ ಅಪ್ರೆಂಟಿಸ್ ತರಬೇತಿ ಯೋಜನೆಯಲ್ಲಿ ನೋಂದಣಿಯಾದರೆ ಅದರಲ್ಲಿ 4,500ರವರೆಗೆ ಸರ್ಕಾರವೇ ಭರಿಸುತ್ತಿತ್ತು. ಪಿಎಫ್ ಇಲ್ಲ. ಮುಗಿದ ಮೇಲೆ ಕಂಪನಿ ಕೆಲಸ ಕೊಡಲೇಬೇಕು ಅಂತಲೂ ಇಲ್ಲ. ಸಹಿ ಹಾಕುವಾಗ ನಾನು ನೋಡದೆ ಬಿಟ್ಟಿದ್ದು ಏನು ಕಲಿಸುತ್ತಾರೆ ಅನ್ನುವ ಹಾಳೆ. ಅದರಲ್ಲಿ "ಕಂಪ್ಯೂಟರ್ ಸಂಬಂಧಿತ ಕೆಲಸ" ಅಂತ ಒಂದೇ ಸಾಲು ಇತ್ತು. ಆ ಒಂದು ಸಾಲಿನ ಪುಣ್ಯದಿಂದ ಎರಡು ತಿಂಗಳು ಬಿಲ್ ಟೈಪ್ ಮಾಡಿದೆ, ಪ್ರಿಂಟರ್‌ನಲ್ಲಿ ಸಿಕ್ಕ ಪೇಪರ್ ಎಳೆದೆ.

ಆಮೇಲೆ ನಾನೇ ಕ್ವಾಲಿಟಿ ವಿಭಾಗದ ಮ್ಯಾನೇಜರ್ ಹತ್ತಿರ ಹೋದೆ. "ಸರ್, ನಿಮಗೆ ದಿನಾ ತಲೆನೋವು ಕೊಡೋ ಒಂದು ಎಕ್ಸೆಲ್ ಫೈಲ್ ಕೊಡಿ" ಅಂದೆ. ಅವರು ನಕ್ಕು ರಿಜೆಕ್ಷನ್ ಫೈಲ್ ಕೊಟ್ಟರು, ದೋಷ ಇದೆ ಅಂತ ತಳ್ಳಿಹಾಕಿದ ಎರಕಗಳ ಪಟ್ಟಿ.

ಅದನ್ನು ತೆರೆದ ದಿನ ನನಗೆ ನೆನಪಾಗಿದ್ದು ಮೂರನೇ ಸೆಮಿಸ್ಟರ್‌ನ ಡೇಟಾಬೇಸ್ ಪೇಪರ್. ನಾರ್ಮಲೈಸೇಷನ್, ಅಂದರೆ ಒಂದೇ ಮಾಹಿತಿ ಹಲವು ಕಡೆ ಬರದ ಹಾಗೆ ಬೇರೆ ಬೇರೆ ಟೇಬಲ್‌ಗೆ ಹಂಚುವುದು, ಅದನ್ನು ಬಾಯಿಪಾಠ ಮಾಡಿ ಬರೆದು, ಹಾಲ್‌ನಿಂದ ಹೊರಗೆ ಬರುವಷ್ಟರಲ್ಲಿ ಮರೆತಿದ್ದೆ. ಇಲ್ಲಿ ಅದೇ ಪಾಠ ಕಣ್ಣೆದುರು ಕೂತಿತ್ತು. ಎರಕದಲ್ಲಿ ಗಾಳಿ ಸಿಕ್ಕಿ ಆಗುವ ತೂತಿಗೆ ಬ್ಲೋ ಹೋಲ್ ಅಂತಾರೆ. ಫೈಲ್‌ನಲ್ಲಿ ಅದು ನಾಲ್ಕು ಸ್ಪೆಲಿಂಗ್‌ನಲ್ಲಿತ್ತು. ಒಬ್ಬರು ಬರೀ "ಬಿಎಚ್" ಅಂತ ಬರೆದಿದ್ದರು. ಹೀಗಾಗಿ ಯಾವ ದೋಷ ಜಾಸ್ತಿ ಅಂತ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ದೋಷಗಳಿಗೆ ಒಂದು ಟೇಬಲ್, ಎರಕದ ನಮೂನೆಗಳಿಗೆ ಒಂದು, ಹೀಟ್‌ಗಳಿಗೆ ಒಂದು ಅಂತ ಬೇರೆ ಬೇರೆ ಮಾಡಿದೆ. ಹೀಟ್ ಅಂದರೆ ಕುಲುಮೆಯಲ್ಲಿ ಒಂದು ಸಲಕ್ಕೆ ಕರಗಿಸುವ ಕಬ್ಬಿಣ. ಪ್ರತಿ ಹೀಟ್‌ಗೂ ಒಂದು ನಂಬರ್. ಪೈಥಾನ್ ಭಾಷೆ ಮತ್ತು ಎಸ್‌ಕ್ಯೂಲೈಟ್ ಅನ್ನುವ ಚಿಕ್ಕ ಡೇಟಾಬೇಸ್ ಸಾಕಾಯಿತು. ಅದಕ್ಕಿಂತ ದೊಡ್ಡದು ಬೇಕಾಗಿರಲಿಲ್ಲ.

ಜರ್ಮನಿಯಲ್ಲಿ ಹೀಗೆ ಕೆಲಸ, ಕ್ಲಾಸು ಎರಡೂ ಸೇರಿದ ಓದು 1974ರಲ್ಲೇ ಸ್ಟಟ್‌ಗಾರ್ಟ್ ಮತ್ತು ಮ್ಯಾನ್‌ಹೈಮ್‌ನಲ್ಲಿ ಶುರುವಾಯಿತು. ಆಗ ಹುಟ್ಟಿದ ಸಂಸ್ಥೆ ಈಗ ಡಿಎಚ್‌ಬಿಡಬ್ಲ್ಯೂ ಅನ್ನುವ ವಿಶ್ವವಿದ್ಯಾಲಯ. ಅಲ್ಲಿ ಸುಮಾರು ಮೂರು ತಿಂಗಳು ಕ್ಲಾಸು, ಮೂರು ತಿಂಗಳು ಕಂಪನಿ, ಹೀಗೆ ಮೂರು ವರ್ಷ. ನನಗೆ ಹೊಟ್ಟೆಕಿಚ್ಚಾಗುವುದು ಅಲ್ಲೇ. ನಮಗೆ ಪಾಠ ಮೊದಲು ಮುಗಿದು, ಪ್ರಶ್ನೆ ಆಮೇಲೆ ಹುಟ್ಟುತ್ತದೆ. ಐದನೇ ಸೆಮಿಸ್ಟರ್‌ನಲ್ಲಿ ಮೂರನೆಯದರ ನೋಟ್ಸ್ ಹುಡುಕಿದವಳು ನಾನು. ಅದನ್ನು ಜೂನಿಯರ್ ಒಬ್ಬಳಿಗೆ ಕೊಟ್ಟುಬಿಟ್ಟಿದ್ದೆ ಬೇರೆ.

ಆರು ವಾರದಲ್ಲಿ ಮೊದಲ ರಿಪೋರ್ಟ್ ತಯಾರಾಯಿತು. ಸೋಮವಾರ ಬೆಳಿಗ್ಗೆ ಮಾಲೀಕರ ಟೇಬಲ್ ಮೇಲೆ ಇಟ್ಟೆ. ಅವರು ಬೆರಳಿಟ್ಟು ಕೇಳಿದರು: "ಭಾನುವಾರ ಆರು ಹೀಟ್ ಅಂತ ಐತಿ. ನಮ್ಮ ಫ್ಯಾಕ್ಟರಿ ರಜಾ ಇತ್ತಲ್ಲ, ಯಾರು ಬಂದು ಸುರುವಿದ್ರು?"

ನನ್ನ ಬಳಿ ಉತ್ತರ ಇರಲಿಲ್ಲ. ಕೋಡ್ ಸರಿ ಇತ್ತು, ನೂರು ಸಲ ನೋಡಿದ್ದೆ. ಉತ್ತರ ಸಿಕ್ಕಿದ್ದು ಕುಲುಮೆ ನೋಡಿಕೊಳ್ಳುವ ಕಾಕಾನ ಹತ್ತಿರ. ಎಚ್‌ಟಿ (ಹೈ ಟೆನ್ಷನ್) ವಿದ್ಯುತ್ ಸಂಪರ್ಕದ ಕಾರ್ಖಾನೆಗಳಿಗೆ ಆಗ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಯೂನಿಟ್ ದರದಲ್ಲಿ ರಿಯಾಯಿತಿ ಇತ್ತು. ಕುಲುಮೆ ತಿನ್ನುವುದು ಕರೆಂಟನ್ನೇ. ಹಾಗಾಗಿ ನಮ್ಮಲ್ಲಿ ಕಬ್ಬಿಣ ಕರಗಿಸುವುದು ರಾತ್ರಿ. ಶನಿವಾರ ರಾತ್ರಿ ಶುರುವಾದ ಪಾಳಿಯ ಅರ್ಧ ಹೀಟ್‌ಗಳು 12 ಗಂಟೆ ದಾಟಿದ ಮೇಲೆ ಬಂದಿದ್ದವು. ನನ್ನ ಪ್ರೋಗ್ರಾಂ ಅವನ್ನು ಭಾನುವಾರಕ್ಕೆ ಹಾಕಿತ್ತು. ಭಾನುವಾರ ರಜೆ ಆಗಿದ್ದಕ್ಕೆ ಗೊತ್ತಾಯಿತು. ಉಳಿದ ಎಲ್ಲ ದಿನಗಳೂ ಹಾಗೇ ಕಲಸಿಹೋಗಿದ್ದವು.

ಕಾಕಾ ಕೈವಸ್ತ್ರ ಕೊಡವುತ್ತಾ ಅಂದರು: "ಏನವಾ, ನಮ್ಮ ಒಂದ ರಾತ್ರಿನ ಎರಡು ತುಂಡು ಮಾಡೀಯಲ್ಲ."

ಸರಿಪಡಿಸಿದ್ದು ಒಂದೇ ಸಾಲಿನಲ್ಲಿ. ದಾಖಲಾದ ಸಮಯದಿಂದ ಆರು ಗಂಟೆ ಕಳೆದು, ಬಂದ ತಾರೀಖನ್ನು "ಪಾಳಿ ದಿನ" ಅಂತ ಬೇರೆ ಕಾಲಂನಲ್ಲಿ ಇಟ್ಟೆ. ಬೆಳಿಗ್ಗೆ 5:40ರ ಹೀಟ್ ಈಗ ಹಿಂದಿನ ದಿನಕ್ಕೇ ಸೇರುತ್ತದೆ. ಇನ್ನೊಂದು ತಪ್ಪೂ ಜೊತೆಯಲ್ಲೇ ಸಿಕ್ಕಿತು. ಎರಕ ತಣ್ಣಗಾಗಿ, ಮರಳು ಉದುರಿಸಿ, ಫೆಟ್ಲಿಂಗ್ (ಅಂಟಿಕೊಂಡ ಹೆಚ್ಚುವರಿ ಕಬ್ಬಿಣ ತೆಗೆಯುವುದು) ಆಗಿ, ತಪಾಸಣೆಗೆ ಬರಲು ಎರಡು ಮೂರು ದಿನ ಬೇಕು. ಇವತ್ತು ತಳ್ಳಿಹಾಕಿದ್ದು ಇವತ್ತು ಸುರಿದಿದ್ದಲ್ಲ. ಆದರೆ ನಾನು ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ಶೇಕಡಾ ತೆಗೆದಿದ್ದೆ! ಹೀಟ್ ನಂಬರ್ ಹಿಡಿದು ಸುರಿದ ದಿನಕ್ಕೆ ಜೋಡಿಸಿದ ಮೇಲೆ ಲೆಕ್ಕಕ್ಕೆ ಅರ್ಥ ಬಂತು.

ಆಮೇಲಿನ ಪಾಠ ಪುಸ್ತಕದಲ್ಲಿ ಇರಲಿಲ್ಲ. ತಪಾಸಣೆಯವರಿಗೆ 28 ದೋಷಗಳ ಡ್ರಾಪ್‌ಡೌನ್ ಕೊಟ್ಟಿದ್ದೆ. ಒಂದು ವಾರದಲ್ಲಿ ಅರ್ಧಕ್ಕರ್ಧ ಎರಕಗಳಿಗೆ ಒಂದೇ ದೋಷ, ಪಟ್ಟಿಯ ಮೊದಲನೆಯದು. ಅವರದೇನು ತಪ್ಪು? ಕೈಗೆ ದಪ್ಪ ಗವಸು, ಎದುರಿಗೆ ಎರಕದ ರಾಶಿ. ಮೌಸ್ ಹಿಡಿದು ಯಾರು ಹುಡುಕುತ್ತಾರೆ? ಅಂಕಿಗಳಷ್ಟೇ ಇರುವ ಚಿಕ್ಕ ಕೀಪ್ಯಾಡ್ ಸಿಕ್ಕಿಸಿದೆ. ಜಾಸ್ತಿ ಬರುವ ಏಳು ದೋಷಕ್ಕೆ 1ರಿಂದ 7, ಉಳಿದಿದ್ದಕ್ಕೆಲ್ಲ 9. ಗೋಡೆಗೆ ಕನ್ನಡ, ಮರಾಠಿ ಎರಡರಲ್ಲೂ ದೊಡ್ಡ ಅಕ್ಷರದ ಪಟ್ಟಿ ಅಂಟಿಸಿದೆ. ನಾನು ಬರೆದ ಕೋಡ್‌ಗಿಂತ ಆ ಪಟ್ಟಿಯೇ ಜಾಸ್ತಿ ಕೆಲಸ ಮಾಡಿತು.

ಓದಿಗೆ ಸಮಯ? ಕೆಲಸದ ದಿನ ರೂಮಿಗೆ ಬಂದರೆ ಪುಸ್ತಕ ಹಿಡಿಯುವ ಶಕ್ತಿ ಇರುತ್ತಿರಲಿಲ್ಲ. ಅದಕ್ಕೆ ಬೆಳಿಗ್ಗೆ 5ರಿಂದ 7 ಓದುತ್ತಿದ್ದೆ. ಪ್ರಾಜೆಕ್ಟ್‌ಗೆ ಬೇರೆ ವಿಷಯ ಹುಡುಕಲಿಲ್ಲ, ಇದನ್ನೇ ಕೊಟ್ಟೆ. ಗ್ರಾಹಕರ ಹೆಸರು, ಬೆಲೆ ತೆಗೆದುಹಾಕಿ ಮ್ಯಾನೇಜರ್‌ರಿಂದ ಮೊದಲೇ ಒಪ್ಪಿಗೆ ಪತ್ರ ಬರೆಸಿಕೊಂಡಿದ್ದೆ. ಕೊನೆಯ ವಾರದಲ್ಲಿ ಕೇಳಿದ್ದರೆ ಸಿಗುತ್ತಿರಲಿಲ್ಲ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಕೋಡ್ ನೋಡಿ ನಿಂತಿದ್ದು ಒಂದೇ ಕಡೆ. "ಇದೇನಮ್ಮ, ಸುಮ್ನೆ ಆರು ಗಂಟೆ ಯಾಕೆ ಕಳೆದಿದ್ದೀರಿ?" ವಿದ್ಯುತ್ ದರದಿಂದ ಶುರು ಮಾಡಿ ಹೇಳಿದೆ. ಹತ್ತು ನಿಮಿಷ ಅದರಲ್ಲೇ ಕಳೆಯಿತು. ನಾನು ಹೆದರಿದ್ದ ಅಲ್ಗಾರಿದಮ್ ಪ್ರಶ್ನೆ ಬರಲೇ ಇಲ್ಲ.

ಫೌಂಡ್ರಿಯವರು ಒಂದು ವರ್ಷಕ್ಕೆ ಇಟ್ಟುಕೊಂಡಿದ್ದಾರೆ. ಹೋದ ವಾರ ಕಾಕಾ ಮತ್ತೆ ಬಂದಿದ್ದರು. "ಕರೆಂಟ್ ಹೋದ ಟೈಮ್ ಸೈತ ಬರೀತೈತೇನವಾ ಇದು?" ಇಲ್ಲ, ಇನ್ನೂ ಬರೆಯಲ್ಲ. ಈಗ ಅದನ್ನೇ ಮಾಡುತ್ತಿದ್ದೇನೆ.