ಕುಡಿಯಲು ಮಳೆನೀರು: ಮೊದಲ ನೀರು ಹೊರಗೆ ಹೋಗಲಿ

ಪಾವಗಡ, ಬಾಗೇಪಲ್ಲಿ, ಗುಡಿಬಂಡೆ, ಮುಳಬಾಗಿಲು ಕಡೆ ಓಡಾಡಿದರೆ ಮನೆ ಪಕ್ಕದಲ್ಲಿ ಮಳೆನೀರಿನ ತೊಟ್ಟಿಗಳು ಕಾಣುತ್ತವೆ. ಎಷ್ಟೋ ತೊಟ್ಟಿಗಳ ಮೇಲೆ ಸೌದೆ ಒಟ್ಟಿರುತ್ತಾರೆ. ಇನ್ನು ಕೆಲವದರಲ್ಲಿ ಬೋರ್ ನೀರು ತುಂಬಿಸಿ ದನಗಳಿಗೆ ಕುಡಿಸುತ್ತಾರೆ. ಯಾಕೆಂದು ಕೇಳಿದರೆ ಹೆಚ್ಚು ಕಡಿಮೆ ಒಂದೇ ಉತ್ತರ: ‘ನೀರು ವಾಸನೆ ಬಂತು, ಹುಳ ಬಿತ್ತು, ಬಿಟ್ಬಿಟ್ವಿ.’ ತೊಟ್ಟಿ ಗಟ್ಟಿಯಾಗಿಯೇ ಇರುತ್ತದೆ. ನೀರು ಕೆಡುವುದು ಮಾಳಿಗೆಗೂ ತೊಟ್ಟಿಗೂ ನಡುವಿನ ಹತ್ತಡಿ ಪೈಪಿನಲ್ಲಿ. ತೊಟ್ಟಿಗೆ ಸಾವಿರಾರು ರೂಪಾಯಿ ಸುರಿದವರು ಆ ಹತ್ತಡಿಗೆ ಬಂದಾಗ ಕೈ ಬಿಗಿ ಹಿಡಿಯುತ್ತಾರೆ. ಹಾಗಾಗಿ ಈ ಲೇಖನದಲ್ಲಿ ಆ ಭಾಗವನ್ನೇ ಬಿಡಿಸಿ ಹೇಳುತ್ತೇನೆ.

ಮೊದಲು, ನಮ್ಮ ಕಡೆ ಮಳೆನೀರೇ ಏಕೆ ಎನ್ನುವುದು. ಸೇದೋ ಬಾವಿಗಳು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿ ದಾಟಿದ ಮೇಲೆ ನೀರಿನ ಜೊತೆ ಫ್ಲೋರೈಡ್ ಕೂಡ ಮೇಲೆ ಬಂತು. ಗ್ರಾನೈಟ್ ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಕಲ್ಲಿನೊಳಗಿನ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಆಗಬಹುದು ಎನ್ನುತ್ತದೆ ಭಾರತೀಯ ಮಾನಕ ಬ್ಯೂರೋ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡುತ್ತದೆ, ದೊಡ್ಡವರ ಬೆನ್ನು, ಮಂಡಿ ಬಿಗಿದುಕೊಳ್ಳುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುವುದರಿಂದ ಅದರ ಪ್ರಮಾಣ ಇನ್ನಷ್ಟು ಏರುತ್ತದೆ. ಮುಗಿಲಿನಿಂದ ಬೀಳುವ ನೀರಿನಲ್ಲಾದರೆ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ.

ಊರಿನ ಶುದ್ಧ ನೀರಿನ ಘಟಕ ಚೆನ್ನಾಗಿ ನಡೆಯುತ್ತಿದ್ದರೆ ‘ಫಿಲ್ಟರ್ ನೀರು’ ಕುಡಿಯಿರಿ, ನನ್ನ ತಕರಾರಿಲ್ಲ. ಆದರೆ ಮೆಂಬರೇನ್ (ನೀರು ಸೋಸುವ ಪೊರೆ) ಬದಲಿಸದ, ಬೋರ್ ಬತ್ತಿದ ಘಟಕಗಳನ್ನು ನೀವೂ ನೋಡಿರುತ್ತೀರಿ. ಒಂಟಿ ಗೊಲ್ಲರಹಟ್ಟಿ, ತಾಂಡಾಗಳ ಜನ ಟಿವಿಎಸ್‌ಗೆ ಎರಡು ಕ್ಯಾನ್ ಕಟ್ಟಿಕೊಂಡು ಪಕ್ಕದೂರಿಗೆ ಹೋಗಬೇಕು. ಟಿವಿಎಸ್ ಇಲ್ಲದ ಮನೆಯ ಮುದುಕರು ಬೋರ್ ನೀರನ್ನೇ ಕುಡಿಯುತ್ತಾರೆ. ಅಂಥ ಮನೆಗಳಿಗಾಗಿಯೇ ಇದನ್ನು ಬರೆದಿದ್ದೇನೆ.

ಲೆಕ್ಕ ಹಾಕುವುದು

ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 400 ಚದರಡಿಯ ಮಾಳಿಗೆ ಎಂದರೆ 37 ಚದರ ಮೀಟರ್. ವರ್ಷಕ್ಕೆ 500 ಮಿಲಿಮೀಟರ್ ಮಾತ್ರ ಮಳೆಯಾಯಿತು, ಅದರಲ್ಲೂ ಐದನೇ ಒಂದು ಪಾಲು ವ್ಯರ್ಥವಾಯಿತು ಎಂದುಕೊಂಡರೂ 14,800 ಲೀಟರ್ ಸಿಗುತ್ತದೆ. ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ ಐದು ಲೀಟರಿನಂತೆ ಐದು ಜನರ ಮನೆಗೆ ವರ್ಷಕ್ಕೆ ಬೇಕಾಗುವುದು 9,125 ಲೀಟರ್. ಮಳೆ ಕೈಕೊಡುವುದು ದೀಪಾವಳಿ ಕಳೆದ ಮೇಲಿಂದ ಭರಣಿ, ಕೃತ್ತಿಕೆಯವರೆಗೆ, ಸುಮಾರು ಆರು ತಿಂಗಳು. ಅಷ್ಟು ದಿನಕ್ಕೆ 4,500 ಲೀಟರ್ ಸಾಕು. ಒಳಗಡೆ ಆರಡಿ ಉದ್ದ, ಆರಡಿ ಅಗಲ ಇದ್ದು ಐದಡಿ ನೀರು ನಿಲ್ಲುವ ತೊಟ್ಟಿ 5,000 ಲೀಟರ್ ಹಿಡಿಯುತ್ತದೆ. ಇದಕ್ಕಿಂತ ದೊಡ್ಡದು ಬೇಡ. ದೊಡ್ಡ ತೊಟ್ಟಿ ಕಟ್ಟಿದವರು ಅದೇ ನೀರಲ್ಲಿ ಬಟ್ಟೆ ಒಗೆಯಲು ಶುರುಮಾಡುತ್ತಾರೆ, ಸಂಕ್ರಾಂತಿ ಹೊತ್ತಿಗೆ ತೊಟ್ಟಿ ಖಾಲಿ.

ಮಾಳಿಗೆ

ಆರ್‌ಸಿಸಿ, ಕಲ್ಲು ಚಪ್ಪಡಿ, ಹೆಂಚು, ತಗಡು, ಎಲ್ಲವೂ ಆಗುತ್ತದೆ. ಗರಿ, ಹುಲ್ಲಿನ ಮಾಡು ಆಗದು. ಡಾಂಬರು ಬಳಿದ ಮಾಳಿಗೆಯ ನೀರು ಕುಡಿಯಲು ಬೇಡ. ಮೇ ತಿಂಗಳಿನಿಂದ ಅಲ್ಲಿ ರಾಗಿ, ಹುಣಸೆಹಣ್ಣು ಒಣಗಿಸುವುದನ್ನು ನಿಲ್ಲಿಸಿ. ಕಾಳಿಗೆ ಪಾರಿವಾಳ ಬರುತ್ತದೆ, ಪಾರಿವಾಳದ ಹಿಕ್ಕೆ ನೀರಿಗೆ ಬರುತ್ತದೆ. ಮೇಲೆ ಚಾಚಿದ ಬೇವಿನ ಕೊಂಬೆಯನ್ನು ಕಡಿಸಿ. ಪಕ್ಕದಲ್ಲೇ ಟೊಮೆಟೊ ತೋಟವೋ ಮಾವಿನ ತೋಪೋ ಇದ್ದರೆ, ಔಷಧಿ ಹೊಡೆದ ನಂತರ ಬರುವ ಮೊದಲ ಮಳೆಯನ್ನು ಪೂರ್ತಿ ಹೊರಗೆ ಬಿಡಿ.

ಮೊದಲ ನೀರು ಬಿಡುವ ಪೈಪು

ಬಿಸಿಲುಗಾಲದ ಧೂಳು, ಹಿಕ್ಕೆ, ಸತ್ತ ಹುಳು, ಕೊಳೆತ ಎಲೆ, ಎಲ್ಲವನ್ನೂ ಮಳೆಯ ಮೊದಲ ಒಂದೆರಡು ಮಿಲಿಮೀಟರೇ ತೊಳೆದು ತರುತ್ತದೆ. ಆ ನೀರು ತೊಟ್ಟಿಗೆ ಹೋದರೆ ವಾಸನೆ ಬರುವುದು ಖಂಡಿತ. ಹೋಗದಂತೆ ನೋಡಿಕೊಂಡರೆ ಮುಂದಿನ ಕೆಲಸವೆಲ್ಲ ಹಗುರ.

ಪ್ಲಂಬರ್‌ಗಳು ಸಾಮಾನ್ಯವಾಗಿ ಮಾಡುವುದು ಹೀಗೆ: ಮಾಳಿಗೆಯಿಂದ ಇಳಿದ ನಾಲ್ಕಿಂಚು ಪೈಪಿಗೆ ಒಂದು ಟೀ (ಮೂರು ಬಾಯಿಯ ಜೋಡಣೆ) ಹಾಕಿ, ಅದರ ಕೆಳಗೆ ಒಂದಡಿ ಪೈಪಿಟ್ಟು, ತುದಿಗೆ ಕ್ಯಾಪ್ ಜಡಿದು ‘ಮೊದಲ ನೀರು ಇದ್ರಲ್ಲಿ ನಿಲ್ತದೆ’ ಎನ್ನುತ್ತಾರೆ. ನಾಲ್ಕಿಂಚು ಪೈಪು ಮೀಟರಿಗೆ ಸುಮಾರು ಎಂಟು ಲೀಟರ್ ಹಿಡಿಯುತ್ತದೆ. ಒಂದಡಿಯಲ್ಲಿ ನಿಲ್ಲುವುದು ಎರಡೂವರೆ ಲೀಟರ್. ನಿಮ್ಮ 400 ಚದರಡಿ ಮಾಳಿಗೆಯ ಮೇಲೆ ಬಿದ್ದ ಮೊದಲ ಒಂದು ಮಿಲಿಮೀಟರ್ ಮಳೆಯೇ 37 ಲೀಟರ್. ಉಳಿದ ಕೊಳೆ ನೇರವಾಗಿ ತೊಟ್ಟಿಗೆ.

ಆದ್ದರಿಂದ ಟೀ ಕೆಳಗಿನ ಪೈಪು ಆರಿಂಚಿನದ್ದೇ ಇರಲಿ. ಅದು ಮೀಟರಿಗೆ 18 ಲೀಟರ್ ಹಿಡಿಯುತ್ತದೆ. ಎರಡು ಮೀಟರ್, ಅಂದರೆ ಆರೂವರೆ ಅಡಿ ಇಟ್ಟರೆ 36 ಲೀಟರ್. ಮಾಳಿಗೆ ಇದರ ಎರಡರಷ್ಟಿದ್ದರೆ ಇಂಥದೇ ಇನ್ನೊಂದು ಪೈಪನ್ನು ಬೇರೆ ಮೂಲೆಯಲ್ಲಿ ಇಳಿಸಿ.

ಜೋಡಿಸುವ ಕ್ರಮ ಗಮನವಿಟ್ಟು ಓದಿ. ಮಾಳಿಗೆಯಿಂದ ಇಳಿಯುವ ಪೈಪಿಗೆ ನೆಲದಿಂದ ಏಳಡಿ ಎತ್ತರದಲ್ಲಿ ಟೀ ಬರಬೇಕು. ಟೀಯ ನೇರ ಬಾಯಿ ರೆಡ್ಯೂಸರ್ (ಬೇರೆ ಬೇರೆ ಅಳತೆಯ ಪೈಪು ಕೂಡಿಸುವ ತುಂಡು) ಮೂಲಕ ಕೆಳಗಿನ ಆರಿಂಚು ಪೈಪಿಗೆ, ಅಡ್ಡ ಬಾಯಿ ಫಿಲ್ಟರಿಗೆ. ಹಲವರು ಇದನ್ನು ಅದಲುಬದಲು ಮಾಡುತ್ತಾರೆ, ಆಗ ನೀರು ಮೊದಲೇ ಫಿಲ್ಟರಿಗೆ ನುಗ್ಗುತ್ತದೆ. ಮಳೆ ಬಂದಾಗ ನೀರು ಮೊದಲು ನೇರವಾಗಿ ಇಳಿದು ಆರಿಂಚು ಪೈಪನ್ನು ತುಂಬಬೇಕು, ಅದು ತುಂಬಿ ಟೀ ಮಟ್ಟಕ್ಕೆ ಏರಿದ ಮೇಲಷ್ಟೇ ಅಡ್ಡ ಬಾಯಿಗೆ ತಿರುಗಬೇಕು. ತುಂಬಿದ ಪೈಪಿನ ಭಾರ ಸಣ್ಣದಲ್ಲ, ಗೋಡೆಗೆ ಮೂರು ಕಡೆ ಕ್ಲಾಂಪ್ ಹಾಕಿಸಿ.

ಕೆಳತುದಿಯ ಕ್ಯಾಪ್ ಅಂಟಿಸಿದ್ದಾಗಬಾರದು, ಮರೆ (ಥ್ರೆಡ್) ಇರುವ, ತಿರುಗಿಸಿ ಬಿಚ್ಚುವ ಕ್ಯಾಪೇ ಆಗಬೇಕು. ಅದು ನೆಲದಿಂದ ಅರ್ಧ ಅಡಿ ಮೇಲಿರಲಿ, ಇಲ್ಲದಿದ್ದರೆ ಬಿಚ್ಚಲು ಕೈ ಹೋಗುವುದಿಲ್ಲ. ಕ್ಯಾಪಿನ ನಡುವೆ ಎರಡು ಮೂರು ಮಿಲಿಮೀಟರಿನ ತೂತು ಕೊರೆಯಿರಿ. ಮಳೆ ನಿಂತ ಮೇಲೆ ಪೈಪಿನಲ್ಲಿ ನಿಂತ ಕೊಳೆನೀರು ಅದರ ಮೂಲಕ ತೊಟ್ಟಿಕ್ಕಿ ಖಾಲಿಯಾಗಿ ಮುಂದಿನ ಮಳೆಗೆ ಜಾಗವಾಗುತ್ತದೆ. ತೂತಿಲ್ಲದ ಪೈಪು ಮೊದಲ ಮಳೆಗೆ ಮಾತ್ರ ಕೆಲಸ ಮಾಡುತ್ತದೆ. ಎರಡನೇ ಮಳೆಗೆ ಅದು ಮೊದಲೇ ತುಂಬಿರುವುದರಿಂದ ಕೊಳೆಯೆಲ್ಲ ಫಿಲ್ಟರಿಗೇ ಹೋಗುತ್ತದೆ. ಆ ಸಣ್ಣ ತೂತಿಗೆ ಎಲೆ ಸಿಕ್ಕಿಕೊಳ್ಳುತ್ತದೆ. ವಾರಕ್ಕೊಮ್ಮೆ, ಜೋರು ಮಳೆಯ ಮರುದಿನ ತಪ್ಪದೆ, ಕ್ಯಾಪ್ ಬಿಚ್ಚಿ ಕೆಸರು ಸುರಿದು ಮತ್ತೆ ಹಾಕಿ. ಮನೆಯಲ್ಲಿ ಒಬ್ಬರಿಗೆ ಇದನ್ನು ಗೊತ್ತುಮಾಡಿ ಒಪ್ಪಿಸಿ. ಎಲ್ಲರ ಕೆಲಸ ಎಂದರೆ ಯಾರೂ ಮಾಡುವುದಿಲ್ಲ.

ಪೈಪಿನ ಬದಲು ವಾಲ್ವ್ ಇಟ್ಟು ಮಳೆ ಶುರುವಾದಾಗ ಕೈಯಲ್ಲಿ ತಿರುಗಿಸಿದರಾಯಿತಲ್ಲ ಎನ್ನುವವರಿಗೆ ನನ್ನ ಉತ್ತರ: ನಮ್ಮ ಕಡೆಯ ಒಳ್ಳೆ ಮಳೆಗಳು ಬರುವುದು ರಾತ್ರಿ ಹೊತ್ತು, ಇಲ್ಲವೇ ಎಲ್ಲರೂ ಹೊಲದಲ್ಲಿರುವಾಗ. ವಾಲ್ವ್ ಬೇಕು, ಆದರೆ ಬೇರೆ ಕಾರಣಕ್ಕೆ. ಬೇಸಿಗೆ ಕಳೆದು ಬರುವ ಮೊದಲ ಒಂದೆರಡು ಮಳೆಗೆ 36 ಲೀಟರ್ ಬಿಟ್ಟರೆ ಸಾಲದು, ಮಾಳಿಗೆಯ ನೀರನ್ನು ಪೂರ್ತಿ ಹೊರಗೆ ಬಿಡಬೇಕು. ಅದಕ್ಕೆ ಫಿಲ್ಟರಿಗೆ ಹೋಗುವ ಅಡ್ಡ ಪೈಪಿನಲ್ಲಿ ಒಂದು ವಾಲ್ವ್ ಇಟ್ಟು ಮುಚ್ಚಿಡಿ, ಕೆಳಗಿನ ಕ್ಯಾಪನ್ನು ಪೂರ್ತಿ ತೆಗೆದಿಡಿ. ಕೆಳಗೆ ಬರುವ ನೀರು ತಿಳಿಯಾದ ಮೇಲೆ ಕ್ಯಾಪ್ ಹಾಕಿ, ವಾಲ್ವ್ ತೆರೆಯಿರಿ. ಬರದ ನಾಡಿನಲ್ಲಿ ಮೊದಲ ಮಳೆಯನ್ನೇ ಚೆಲ್ಲುವುದಕ್ಕೆ ಅಜ್ಜಿಯರು ಒಪ್ಪುವುದಿಲ್ಲ. ಆ ನೀರು ಕರಿಬೇವಿನ ಬುಡಕ್ಕೆ ಹೋಗುವಂತೆ ಕಾಲುವೆ ತೆಗೆದುಕೊಡಿ, ಒಪ್ಪುತ್ತಾರೆ.

ಫಿಲ್ಟರ್

200 ಲೀಟರಿನ ಡ್ರಮ್ ಸಾಕು. ಔಷಧಿ, ರಾಸಾಯನಿಕ ತುಂಬಿದ್ದ ಡ್ರಮ್ ಎಷ್ಟು ಅಗ್ಗವಾಗಿ ಸಿಕ್ಕರೂ ಬೇಡ. ತಳದಲ್ಲಿ ಅರ್ಧ ಅಡಿ ಮುಕ್ಕಾಲಿಂಚು ಜಲ್ಲಿ, ಅದರ ಮೇಲೆ ನೈಲಾನ್ ಬಲೆ, ಅರ್ಧ ಅಡಿ ಬೇಬಿ ಜಲ್ಲಿ, ಮತ್ತೆ ಬಲೆ, ಒಂದಡಿ ಎತ್ತರಕ್ಕೆ ದಪ್ಪ ಮರಳು. ಎಂ-ಸ್ಯಾಂಡ್ ಹಾಕಬೇಡಿ, ಅದರ ಪುಡಿ ವರ್ಷವಾದರೂ ನೀರಿಗೆ ಬರುತ್ತಲೇ ಇರುತ್ತದೆ. ಜಲ್ಲಿಯನ್ನೂ ಮರಳನ್ನೂ ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಿರಿ. ಇದ್ದಿಲು ನನಗೆ ಬೇಕಿಲ್ಲ. ಕೆಲವೇ ತಿಂಗಳಲ್ಲಿ ಅದರ ಶಕ್ತಿ ಮುಗಿಯುತ್ತದೆ, ಬದಲಿಸುವವರು ಯಾರೂ ಇಲ್ಲ. ವರ್ಷಕ್ಕೊಮ್ಮೆ ಮರಳು ತೆಗೆದು ತೊಳೆದು ಒಣಗಿಸಿ.

ಇಲ್ಲೊಂದು ಎಚ್ಚರಿಕೆ. ಹಳ್ಳಿಗೆ ಬಂದು ನೀರು ಶುದ್ಧ ಮಾಡುವ ಯಂತ್ರ ಮಾರುವವರು ಎರಡು ಲೋಟ ನೀರಿಗೆ ಕಬ್ಬಿಣದ ಕಡ್ಡಿ ಇಳಿಸಿ ಕರೆಂಟ್ ಕೊಡುತ್ತಾರೆ. ನಿಮ್ಮ ಬೋರ್ ನೀರು ಕೆಂಪು ಕೆಸರಾಗುತ್ತದೆ, ಅವರ ಯಂತ್ರದ ನೀರು ಹಾಗೇ ಇರುತ್ತದೆ. ಆ ಕೆಸರು ಕರಗಿದ ಕಡ್ಡಿಯದ್ದೇ ತುಕ್ಕು. ಲವಣವಿರುವ ನೀರಿನಲ್ಲಿ ಕರೆಂಟ್ ಹರಿದು ಕಬ್ಬಿಣ ಕರಗುತ್ತದೆ, ಲವಣವಿಲ್ಲದ ನೀರಿನಲ್ಲಿ ಹರಿಯುವುದಿಲ್ಲ, ಅಷ್ಟೇ. ಅವರು ಜೇಬಿನಿಂದ ತೆಗೆಯುವ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಒಟ್ಟು ಲವಣ ತೋರಿಸುವ ಸಾಧನ) ಕೂಡ ಫ್ಲೋರೈಡ್ ಎಷ್ಟಿದೆ ಎಂದು ಹೇಳಲಾರದು. ಫ್ಲೋರೈಡಿಗೆ ಬೇರೆ ಪರೀಕ್ಷೆಯಿದೆ, ಅದನ್ನೇ ಮಾಡಿಸಿ.

ತೊಟ್ಟಿ

ಕಟ್ಟುವುದು ಗಾರೆ ಮೇಸ್ತ್ರಿಗೆ ಗೊತ್ತು. ಒಳಗಡೆ ವಾಟರ್‌ಪ್ರೂಫ್ ಬೆರೆಸಿದ ಸಿಮೆಂಟ್ ಗಾರೆ ಸಾಕು, ಆಯಿಲ್ ಪೇಂಟ್ ಬಳಿಸಬೇಡಿ. ಎರಡು ವಾರ ನೀರು ನಿಲ್ಲಿಸಿ ಕ್ಯೂರಿಂಗ್ ಮಾಡಿ ಆ ನೀರನ್ನು ಚೆಲ್ಲಿ.

ಮೇಸ್ತ್ರಿಗೆ ನೀವು ಹೇಳಬೇಕಾದದ್ದು ಜಾಗದ ವಿಷಯ. ಶೌಚಾಲಯದ ಗುಂಡಿಯಿಂದ 50 ಅಡಿಯಾದರೂ ದೂರವಿರಲಿ. ನಿವೇಶನ ಚಿಕ್ಕದಿದ್ದು ಅಷ್ಟು ದೂರ ಸಿಗದಿದ್ದರೆ ಸಂಪು ತೋಡಲೇಬೇಡಿ, ನೆಲದ ಮೇಲೆ ಟ್ಯಾಂಕ್ ಕೂರಿಸಿ. ನೆಲದೊಳಗಿನ ಗೋಡೆ ಬಿರುಕು ಬಿಟ್ಟು ಗುಂಡಿಯ ನೀರು ಒಳಬಂದರೆ ಹೊರಗೆ ಏನೂ ಗೊತ್ತಾಗುವುದಿಲ್ಲ. ಸಂಪನ್ನೇ ಮಾಡುವುದಾದರೆ ಗೋಡೆ ನೆಲಕ್ಕಿಂತ ಒಂದೂವರೆ ಅಡಿ ಮೇಲೆ ಬರಲಿ.

ಒಳಗೆ ಬೆಳಕು ಸುಳಿಯಬಾರದು. ಬೆಳಕಿದ್ದರೆ ಪಾಚಿ, ಸಂದಿ ಇದ್ದರೆ ಸೊಳ್ಳೆ. ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು ಇಂಥ ತಿಳಿನೀರಿನಲ್ಲೇ. ಮುಚ್ಚಳ ಬಿಗಿಯಾಗಿರಲಿ, ಅದಕ್ಕೆ ಬೀಗವಿರಲಿ, ಹೆಚ್ಚಾದ ನೀರು ಹೋಗುವ ಪೈಪಿನ ಬಾಯಿಗೆ ಸೊಳ್ಳೆ ಪರದೆ ಕಟ್ಟಿ. ನೀರು ತೆಗೆಯಲು ನಲ್ಲಿ ಅಥವಾ ಕೈಪಂಪು. ಬಿಂದಿಗೆ, ಹಗ್ಗ ಒಳಗೆ ಇಳಿಯಕೂಡದು.

ತೊಟ್ಟಿ ಖಾಲಿಯಾದಾಗ ಪಂಚಾಯಿತಿ ನಲ್ಲಿಯ ಪೈಪನ್ನೋ ಟ್ಯಾಂಕರಿನ ಪೈಪನ್ನೋ ಇದಕ್ಕೆ ಬಿಡಬೇಡಿ. ಬೋರ್ ನೀರು ಬೆರೆತರೆ ಫ್ಲೋರೈಡ್ ಮತ್ತೆ ಮನೆಗೆ ಬಂದಂತೆ. ಅದಕ್ಕೆ ಬೇರೆ ಡ್ರಮ್ ಇಡಿ. ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ಕೋಲಾರದ ಕೆರೆಗಳು ತುಂಬಿರುವುದು ನಿಜ. ಅದು ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಅಂತರ್ಜಲಕ್ಕೆಂದು ಕಳಿಸುವ ನೀರು, ಕೆರೆಯಿಂದ ತಂದು ಈ ತೊಟ್ಟಿಗೆ ಸುರಿಯುವುದಲ್ಲ.

ಕ್ಲೋರಿನ್, ಪರೀಕ್ಷೆ

ತೊಟ್ಟಿ ತುಂಬಿದ ಮೇಲೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂನಂತೆ ಒಳ್ಳೆಯ ಬ್ಲೀಚಿಂಗ್ ಪೌಡರ್, ಅಂದರೆ 5,000 ಲೀಟರಿಗೆ ಹನ್ನೆರಡೂವರೆ ಗ್ರಾಂ. ಕಣ್ಣಂದಾಜು ಬೇಡ, ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ. ಪ್ಯಾಕೆಟ್ ಒಡೆದು ತಿಂಗಳಾನುಗಟ್ಟಲೆ ಬಿಟ್ಟ ಪುಡಿಯಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಬಕೆಟ್ ನೀರಲ್ಲಿ ಕದಡಿ, ಸುಣ್ಣ ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ತೊಟ್ಟಿಗೆ ಸುರಿಯಿರಿ. ಒಂದು ಗಂಟೆ ಬಿಟ್ಟು ಬಳಸಬಹುದು.

ನೀರು ಸಪ್ಪೆ ಎಂಬ ದೂರು ಮೊದಲ ತಿಂಗಳು ಬರುತ್ತದೆ. ಬೋರ್ ನೀರಿನ ಉಪ್ಪಿಗೆ ಒಗ್ಗಿದ ನಾಲಿಗೆಗೆ ಹಾಗನ್ನಿಸುವುದು ಸಹಜ. ಬೇಳೆ ಬೇಗ ಬೇಯುವುದನ್ನು ನೋಡಿದ ಮೇಲೆ ಅಡುಗೆಮನೆಯವರು ಬೋರ್ ನೀರಿಗೆ ಹಿಂತಿರುಗುವುದಿಲ್ಲ.

ಕೊನೆಗೆ, ನಿಮ್ಮೂರಿನ ನೀರುಗಂಟಿಯನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ ಪರೀಕ್ಷಾ ಬಾಟಲಿ ತರಿಸಿಕೊಳ್ಳಿ. ಕ್ಲೋರಿನ್ ಹಾಕುವ ಮೊದಲೇ ನಲ್ಲಿಯಿಂದ ಗೆರೆಯವರೆಗೆ ನೀರು ಹಿಡಿದು ಎರಡು ದಿನ ಮನೆಯೊಳಗಿಡಿ. ಕಪ್ಪಾದರೆ ಮಲದ ಅಂಶ ಸೇರಿರಬಹುದು ಎಂದರ್ಥ. ಕ್ಯಾಪಿನ ತೂತು, ಮುಚ್ಚಳ, ಮಾಳಿಗೆ ಮೂರನ್ನೂ ನೋಡಿ, ಸರಿಪಡಿಸಿ, ಕ್ಲೋರಿನ್ ಹಾಕಿ, ಒಂದು ವಾರ ಬಿಟ್ಟು ಇನ್ನೊಂದು ಬಾಟಲಿ ಇಡಿ. ಆ ಬಾಟಲಿಯೂ ಕಪ್ಪಾದರೆ ಗೋಡೆ ಬಿರುಕು ಬಿಟ್ಟಿದೆಯೇ ಎಂದು ಮೇಸ್ತ್ರಿಯನ್ನು ಕರೆಸಿ ತೋರಿಸಿ, ಅಲ್ಲಿಯವರೆಗೆ ಕುದಿಸಿಯೇ ಕುಡಿಯಿರಿ.